ಹಿಡಿದಿಟ್ಟ ಸೀಟು

ನಾನು ಒಂದು ಸಾಗವಾನಿ ಕುರ್ಚಿ. ಹುಟ್ಟಿದ್ದು ಜೈಲಿನಲ್ಲಿ. ಹಾಗೆಂದು ನಾನೇನೂ ಅಪರಾಧ ಮಾಡಿಲ್ಲ; ಸರಕಾರಿ ಕಚೇರಿಗಳ ಕುರ್ಚಿ, ಮೇಜುಗಳನ್ನು ಅಲ್ಲಿನ ಕೈದಿಗಳು ಮಾಡುತ್ತಿದ್ದರು. ನನ್ನನ್ನು ಮಾಡಿದ ಗುರುಶಾಂತಪ್ಪ ಬೆನ್ನನ್ನು ನೆಟ್ಟಗೆ ಕೂಡಿಸಿ, "ಸರಕಾರಿ ಕುರ್ಚಿ ಇದು. ನಿದ್ದಿ ಬರಬಾರದು ನೋಡು," ಎಂದು ಪಕ್ಕದವನಿಗೆ ಹೇಳಿ ನಕ್ಕ. ಅವನ ಆಸೆ ಈಡೇರಲಿಲ್ಲ. ಮೊದಲ ಕಚೇರಿಯ ಸಾಹೇಬರು ಆ ನೆಟ್ಟನೆಯ ಬೆನ್ನಿಗೇ ತಲೆ ಕೊಟ್ಟು ಗೊರಕೆ ಹೊಡೆಯುತ್ತಿದ್ದರು.

ಅಲ್ಲಿಂದ ನನ್ನನ್ನು ಮಕ್ಕಳ ಕಲ್ಯಾಣ ಸಮಿತಿಯ ಕೋಣೆಗೆ ಸಾಗಿಸಿದರು. ತಂದೆ ತಾಯಿ ಇಲ್ಲದ, ಇದ್ದೂ ಇಲ್ಲದಂತಾದ ಮಕ್ಕಳನ್ನು ಬಾಲಮಂದಿರದಿಂದ ಅಲ್ಲಿಗೆ ಕರೆತರುತ್ತಾರೆ. ಯಾವ ಮಗು ಎಲ್ಲಿರಬೇಕೆಂದು ಮೇಜಿನಾಚೆ ಕೂತ ಹಿರಿಯರು ತೀರ್ಮಾನಿಸುತ್ತಾರೆ. ಮೇಜಿನ ಈಚೆ, ಮಗುವಿನ ಪಕ್ಕದಲ್ಲಿ ನಾನು. ನನ್ನ ಮೇಲೆ ಕೂರುತ್ತಿದ್ದವರು ಮಕ್ಕಳ ಪರ ವಕೀಲೆ ಜುಬೇದಾ ಕಿತ್ತೂರ. ಆಕೆಯ ಫೀಸು, ಬಸ್ ಚಾರ್ಜು ಎಲ್ಲ ಒಂದು ಸಂಸ್ಥೆ ಕೊಡುತ್ತಿತ್ತು.

ಆಕೆ ಬಂದರೆ ನನಗೆ ಹಬ್ಬ. ನನ್ನನ್ನು ಮಗುವಿನ ಕಡೆಗೆ ಎಳೆದುಕೊಂಡು, "ಏನ್ ಉಂಡಿ ಇವತ್ತ?" ಎಂದು ಕೇಳುತ್ತಿದ್ದರು. ಕಾಯಿದೆಯೆಲ್ಲ ಆಮೇಲೆ. ಮಗು ಕಿವಿಯಲ್ಲಿ ಹೇಳಿದ್ದನ್ನು ಎದ್ದು ನಿಂತು ಗಟ್ಟಿಯಾಗಿ ಹೇಳುತ್ತಿದ್ದರು.

ಕಸ್ತೂರಿ ಎಂಬ ಹುಡುಗಿ, ಅವಳ ತಮ್ಮ ಮುತ್ತು ಬಂದದ್ದು ಆ ಕಾಲದಲ್ಲೇ. ತಮ್ಮ ದೊಡ್ಡವನಾಗುತ್ತಿದ್ದ, ಇನ್ನು ಹುಡುಗಿಯರ ಬಾಲಮಂದಿರದಲ್ಲಿ ಅಕ್ಕನ ಜೊತೆ ಇರುವಂತಿರಲಿಲ್ಲ; ಅವನನ್ನು ಬೇರೆ ಊರಿನ ಹುಡುಗರ ಬಾಲಮಂದಿರಕ್ಕೆ ಕಳಿಸಬೇಕು. ರೊಟ್ಟಿ ಬಡಿದು ಮಾರುವ ಅವರ ಚಿಗವ್ವ ಶಾಂತವ್ವ, ಇಬ್ಬರನ್ನೂ ನಾನೇ ಸಾಕುತ್ತೇನೆ ಎಂದಿದ್ದಳು. ಜುಬೇದಾ ಆ ಮನೆಗೇ ಹೋಗಿ ನೋಡಿ ಬಂದರು. ಗೋಡೆಯಾಚೆಗೇ ಶಾಲೆ, ಹೊತ್ತಿಗೆ ಆಗುವ ನೆರೆಯವರು ಎಂದು ಕಸ್ತೂರಿಗೆ ಹೇಳಿದರು. "ಮುಂದಿನ ಸಲ ಎಲ್ಲಾ ನಾ ಹೇಳ್ತೀನವ್ವಾ. ನನ್ನ ಸೀಟ್ ಹಿಡದಿಟ್ಟಿರು," ಎಂದು ಹುಡುಗಿಯ ಗಲ್ಲ ಹಿಂಡಿ ಹೋದರು.

ಅಷ್ಟರಲ್ಲಿ ಸಂಸ್ಥೆಗೆ ಬರುತ್ತಿದ್ದ ಹಣ ನಿಂತಿತು. ಜುಬೇದಾ ಕೆಲವು ದಿನ ಕೈಯಿಂದ ಹಾಕಿ ಬಂದರು. ಆಕೆಗೂ ಮನೆಯಿದೆ, ಹೊಟ್ಟೆಯಿದೆ. ಕೊನೆಗೆ ದೂರದ ಊರಿನಲ್ಲಿ ಕೆಲಸ ಹಿಡಿದರು. ನನ್ನ ಮೇಲೆ ಹಳೆಯ ಫೈಲುಗಳು ಬಂದು ಕೂತವು. ಮಕ್ಕಳು ಒಬ್ಬೊಬ್ಬರೇ ನಿಂತು, ಹೂಂ, ಉಹೂಂ ಎಂದು ಹೋಗುತ್ತಿದ್ದರು. ಅಷ್ಟು ಜನರ ನಡುವೆಯೂ ನನ್ನಂಥ ಒಂಟಿ ಇನ್ನೊಬ್ಬರಿರಲಿಲ್ಲ.

ಕಸ್ತೂರಿಯ ಸರದಿ ಬಂತು. ಎಲ್ಲರಿಗಿಂತ ಮೊದಲೇ ಒಳಗೆ ಬಂದವಳು ಫೈಲುಗಳನ್ನು ಕೆಳಗಿಳಿಸಿ, ತನ್ನ ಕರ್ಚೀಫು ಬಿಡಿಸಿ ನನ್ನ ಮೇಲೆ ಹಾಸಿದಳು. ಬಸ್ಸಿನ ಕಿಟಕಿಯಿಂದ ಕರ್ಚೀಫು ಎಸೆದರೆ ಆ ಸೀಟಿನಲ್ಲಿ ಇನ್ಯಾರೂ ಕೂರುವುದಿಲ್ಲ. ಅವಳ ಲೋಕದಲ್ಲಿ ಅದಕ್ಕಿಂತ ದೊಡ್ಡ ಕಾನೂನಿರಲಿಲ್ಲ.

"ಯಾರದವ್ವಾ ಇದು?" ಎಂದರು ಸಮಿತಿಯ ಅಧ್ಯಕ್ಷೆ.

"ನಂದರೀ. ಸೀಟ್ ಹಿಡದೇನ್ರಿ. ವಕೀಲ ಅಕ್ಕಾರು ಬರ್ತಾರ."

ಯಾರೋ ನಕ್ಕರು. ಅಧ್ಯಕ್ಷೆ ನಗಲಿಲ್ಲ. "ಅವರು ಬರಂಗಿಲ್ಲವ್ವಾ. ಅವರಿಗೆ ಕೊಡಾಕ ರೊಕ್ಕಿಲ್ಲ. ನೀನ ಹೇಳು, ಚಿಗವ್ವನ ಮನಿ ಹ್ಯಾಂಗೈತಿ?"

ಕಸ್ತೂರಿ ಬಾಗಿಲ ಕಡೆ ನೋಡಿದಳು. ಆಮೇಲೆ ನನ್ನ ಕಡೆ. "ಒಂದ ಖೋಲಿ ಐತ್ರಿ. ಮ್ಯಾಲ ತಗಡು. ಮಳಿ ಬಂದ್ರ ಸೋರತೈತ್ರಿ."

ಕೇಳಿದ್ದಕ್ಕೆ ಇದ್ದದ್ದನ್ನು ಇದ್ದಂತೆ ಹೇಳಿದಳು. ಶಾಲೆ, ನೆರೆಯವರ ಬಗ್ಗೆ ಯಾರೂ ಕೇಳಲಿಲ್ಲ, ಅವಳಿಗೆ ಹೇಳಲು ತೋಚಲಿಲ್ಲ. ಒಳಗೆ ಕರೆದಾಗ ಶಾಂತವ್ವ ಸೆರಗು ಬಾಯಿಗೆ ಹಿಡಿದು "ಸಾಕ್ತೀನ್ರಿ ಯವ್ವಾ" ಎಂದಳಷ್ಟೆ. ನನಗೆ ಎಲ್ಲ ಗೊತ್ತಿತ್ತು. ಆದರೆ ಕುರ್ಚಿಗೆ ಕಾಲು ಕೊಟ್ಟವನು ಬಾಯಿ ಕೊಟ್ಟಿರಲಿಲ್ಲ.

ಮುತ್ತುವನ್ನು ಬೇರೆ ಊರಿಗೆ ಕಳಿಸಲು ಆದೇಶವಾಯಿತು. ಅವನು ಅಕ್ಕನ ಲಂಗ ಹಿಡಿದುಕೊಂಡಿದ್ದ, ಬಿಡಿಸಿದರು. ಜವಾನ ಕರ್ಚೀಫನ್ನು ಕೊಡಲು ಬಂದಾಗ ಕಸ್ತೂರಿ ತೆಗೆದುಕೊಳ್ಳಲಿಲ್ಲ.

"ಇರಲಿ ಬಿಡ್ರಿ. ಅಕ್ಕಾರು ಬಂದ್ರ ಸೀಟ್ ಬೇಕಲ್ರೀ."

ಆ ಕೋಣೆಗೆ ಈಗ ಪ್ಲಾಸ್ಟಿಕ್ ಕುರ್ಚಿಗಳು ಬಂದಿವೆ. ನಾನು ಕಾಲು ಸಡಿಲಾಗಿ ಮೆಟ್ಟಿಲ ಕೆಳಗಿನ ಕತ್ತಲಲ್ಲಿದ್ದೇನೆ. ಜವಾನ ಅಂದು ನನ್ನ ಬೆನ್ನಿಗೆ ಹಾಕಿ ಹೋದ ಕರ್ಚೀಫು ಅಲ್ಲಿನ ಮೊಳೆಗೆ ಸಿಕ್ಕಿಕೊಂಡು ಹಾಗೇ ಇದೆ, ಬಣ್ಣ ಹೋಗಿದೆ. ಗುರುಶಾಂತಪ್ಪ, ನಿನ್ನ ಆಸೆ ಈಗ ಈಡೇರಿತು ನೋಡು. ನನಗೆ ನಿದ್ದೆ ಬರುವುದಿಲ್ಲ. ಮೇಲೆ ಹೆಜ್ಜೆ ಸಪ್ಪಳವಾದಾಗಲೆಲ್ಲ ಕಿವಿಗೊಡುತ್ತೇನೆ.

ಬಸ್ಸು ಎಂದೋ ಹೋಯಿತು. ಸೀಟು ಮಾತ್ರ ಹಿಡಿದೇ ಇದೆ.