ನೀಲವ್ವನ ಮನೆಯ ಹೀಟ್ ಪಂಪ್

ನಾನೊಂದು ಹೀಟ್ ಪಂಪ್. ಹುಟ್ಟಿದ್ದು ಕಾರ್ಖಾನೆಯಲ್ಲಿ. ಸುತ್ತಲಿನ ಗಾಳಿಯಲ್ಲಿರುವ ಬಿಸಿಯನ್ನು ಹೀರಿ ನೀರಿಗೆ ಕೊಡುವುದು ನನ್ನ ಕೆಲಸ. ಗೀಸರ್ ತಿನ್ನುವ ಕರೆಂಟಿನಲ್ಲಿ ಮೂರನೇ ಒಂದು ಪಾಲು ನನಗೆ ಸಾಕು. ಇದನ್ನು ಜಂಬದಿಂದಲೇ ಹೇಳುತ್ತೇನೆ. ನನ್ನ ಪರವಾಗಿ ಹೇಳುವವರು ಬಹಳ ದಿನ ಯಾರೂ ಇರಲಿಲ್ಲ.

ಮೊದಲು ಹುಬ್ಬಳ್ಳಿಯ ಸಣ್ಣ ಲಾಡ್ಜೊಂದರಲ್ಲಿ ನಾಲ್ಕು ವರ್ಷ ದುಡಿದೆ. ಲಾಡ್ಜ್ ಮುಚ್ಚಿದಾಗ ಗದಗಿನ ವೈರಿಂಗ್ ಮೇಸ್ತ್ರಿ ಬಸವಂತಪ್ಪ ನನ್ನನ್ನು ತನ್ನ ಮನೆಗೆ ತಂದ. ಅವನ ತಾಯಿ ನೀಲವ್ವನಿಗೆ ದಮ್ಮು. ಇನ್ನೂ ಹೊಗೆ ಕುಡಿದರೆ ಜೀವಕ್ಕೇ ಅಪಾಯ ಎಂದು ಡಾಕ್ಟರು ಹೇಳಿದ್ದರು. ಆದರೆ ಹೆರಿಗೆಗೆ ತವರಿಗೆ ಬಂದ ಮಗಳು ಶಿವಲೀಲಾ ಆಗ ಹಸಿ ಬಾಣಂತಿ. ಅವಳಿಗೆ ದಿನಾ ಕೊಡಗಟ್ಟಲೆ ಬಿಸಿನೀರು ಎರೆಯಬೇಕು, ಅದೂ ಕಟ್ಟಿಗೆ ಒಲೆಯ ನೀರೇ ಆಗಬೇಕು ಎಂದು ಮುದುಕಿಯ ಹಟ.

ನನ್ನನ್ನು ಹಿತ್ತಲಲ್ಲಿ ಕೂರಿಸಿದರು. ನೀಲವ್ವ ನನ್ನ ಮುಂದೆ ಕೈಯೊಡ್ಡಿ ನೋಡಿದಳು.

"ಥಣ್ಣನ ಗಾಳಿ ಬಿಡಾಕತ್ತೈತಿ. ಇದೇನ್ ನೀರ ಕಾಸತೈತೋ?"

"ಬಿಸಿ ನೀರಿಗೆ ಹೋಗತೈತಿ ಯವ್ವಾ, ಅದಕ್ಕ ಗಾಳಿ ಥಣ್ಣಗಿರತೈತಿ" ಎಂದ ಬಸವಂತಪ್ಪ.

ಮರುದಿನ ಅವನು ಕೆಲಸಕ್ಕೆ ಹೋದದ್ದೇ ತಡ, ಬಾಣಂತಿಗೆ ಥಂಡಿ ಬಡಿದೀತೆಂದು ಮುದುಕಿ ನನ್ನ ಮೈಗೆಲ್ಲ ಕಂಬಳಿ ಸುತ್ತಿದಳು. ಗಾಳಿಯೇ ಇಲ್ಲದೆ ನಾನು ಬಿಸಿ ಎಲ್ಲಿಂದ ತರಲಿ? ಆದರೂ ಬಿಡಲಿಲ್ಲ, ಗುರುಗುಟ್ಟುತ್ತ ಹೆಣಗಿದೆ. ಒಳಗಿನ ಕೊಳವೆಗಳ ಮೇಲೆ ಮಂಜು ಕಟ್ಟಿತು. ನೀರು ಉಗುರುಬೆಚ್ಚಗಾಯಿತು, ಅಷ್ಟೇ.

"ನಾ ಹೇಳಿರಲಿಲ್ಲಾ?" ಎಂದು ನೀಲವ್ವ ಒಲೆ ಹೊತ್ತಿಸಿದಳು. ಊದುಗೊಳವೆ ಹಿಡಿದು ಊದಿದಳು, ಕೆಮ್ಮಿದಳು, ಮತ್ತೆ ಊದಿದಳು. ಆಮೇಲೆ ಗೋಡೆ ಹಿಡಿದು ಕುಸಿದುಬಿಟ್ಟಳು. ತುಟಿ ನೀಲಿಗಟ್ಟಿತ್ತು.

ಶಿವಲೀಲಾ ಓಡಿಬಂದು ತಾಯಿಯನ್ನು ತಬ್ಬಿ ಹೊರಗೆಳೆದಳು. "ಯವ್ವಾ, ಸಾಕ ಮಾಡು! ನೀ ಇಲ್ಲಂದ್ರ ನಂಗ ಯಾರದಾರ?"

ನನಗೆ ತಡೆಯಲಾರದ ಸಂಕಟವಾಯಿತು.

ದಮ್ಮು ಇಳಿದ ಮೇಲೆ ಮುದುಕಿ ಒಲೆಯತ್ತ ನೋಡಿದಳು, ನನ್ನತ್ತ ನೋಡಿದಳು. "ಗಾಳಿ ಇಲ್ಲಂದ್ರ ಒಲಿನೂ ಉರಿಯಂಗಿಲ್ಲ. ಇದನ್ನ ನಾನ ಮುಚ್ಚಿಟ್ಟೀನಲ್ಲವಾ!" ಎಂದು ತಾನೇ ಕಂಬಳಿ ಕಿತ್ತೆಸೆದಳು. ಥಂಡಿ ಬಾರದಂತೆ ಬಾಣಂತಿ ಕೋಣೆಯ ಕಿಟಕಿ ಮುಚ್ಚಿಸಿದಳು. ಇನ್ನು ನನ್ನ ಸರದಿ. ಮಧ್ಯಾಹ್ನದ ಹೊತ್ತಿಗೆ ನೀರು ಕೈಯಿಡಲಾಗದಷ್ಟು ಕಾದಿತ್ತು. ಒಲೆ ಮತ್ತೆ ಹೊತ್ತಲಿಲ್ಲ.

ಇದೆಲ್ಲ ಆಗಿ ಒಂಬತ್ತು ವರ್ಷ. ಈಗ ನನ್ನ ಮೈಗೆ ತುಕ್ಕು ಹಿಡಿದಿದೆ, ಫ್ಯಾನು ಕಿರುಗುಟ್ಟುತ್ತದೆ. ಗುಜರಿ ಅಂಗಡಿ ದೂರವಿಲ್ಲವೆಂದು ಗೊತ್ತು. ಆದರೆ ಬಸವಂತಪ್ಪನ ಹೆಂಡತಿ ಈಗ ಬಾಣಂತಿ. ಸೊಸೆಗೆ ನೀರು ಎರೆಯುತ್ತ ನೀಲವ್ವ ಮಗನನ್ನು, ನನ್ನನ್ನು, ಇಡೀ ಓಣಿಯನ್ನು ಒಂದೇ ಉಸಿರಿಗೆ ಬೈಯುತ್ತಾಳೆ. ನಡುವೆ ಒಮ್ಮೆಯೂ ಕೆಮ್ಮುವುದಿಲ್ಲ. ಆ ಬೈಗುಳ ಕೇಳಿಸುತ್ತಿರುವವರೆಗೆ ನಾನು ನಿಲ್ಲುವವನಲ್ಲ.