ಎಡಕ್ಕೆ ಎಳೆಯುವ ಗಾಡಿ

ಎರಡು ಚಕ್ರಗಳ ಮಗ್ಗುಲಿಗೆ ಬಿಗಿಯಾಗಿ ಎಳೆದು ಕಟ್ಟಿದ ಒಂದು ಬಿಳಿ ದಾರ ಇವತ್ತಿಗೂ ನನ್ನ ಕಣ್ಣ ಮುಂದೆ ಬರುತ್ತದೆ. ಬಿದ್ದ ಗಾಡಿ ಸೊಟ್ಟಗಾಗಿದೆಯೇ ಎಂದು ತಿಳಿಯಲು ನಮ್ಮ ಬೈಕ್ ರಿಪೇರಿ ಶೆಡ್ಡಿನಲ್ಲಿ ಮಾಡುತ್ತಿದ್ದ ಮೊದಲ ಪರೀಕ್ಷೆ ಅದು. ಹಿಂದಿನ ಚಕ್ರದಿಂದ ಮುಂದಿನ ಚಕ್ರದವರೆಗೆ ಎರಡೂ ಕಡೆ ದಾರ ಎಳೆದು, ಮಂಡಿಯೂರಿ, ಒಂದು ಕಣ್ಣು ಮುಚ್ಚಿ ನೋಡಬೇಕು. ಉಮಾಪತಿಯ ಗಾಡಿಗೆ ಅದನ್ನು ಎಷ್ಟು ಸಲ ಕಟ್ಟಿದೆನೋ ನೆನಪಿಲ್ಲ. ಒಂದು ಸಲವೂ ಅದು ಸೊಟ್ಟ ತೋರಿಸಲಿಲ್ಲ.

ಉಮಾಪತಿ ನನ್ನ ಬಾಲ್ಯದ ಗೆಳೆಯ. ಊರಾಚೆಯ ಹಳೆಯ ಇಟ್ಟಿಗೆ ಗೂಡುಗಳ ಬಯಲಿನಲ್ಲಿ ವರ್ಷಕ್ಕೊಮ್ಮೆ ನಡೆಯುತ್ತಿದ್ದ ಮಣ್ಣಿನ ರೇಸನ್ನು ನಾಲ್ಕು ಸಲ ಗೆದ್ದವನು. ಆ ವರ್ಷ ಅಭ್ಯಾಸ ಮಾಡುವಾಗ ದಿಬ್ಬದಿಂದ ಹಾರಿ, ಗಾಡಿ ಸಮೇತ ತಲೆಕೆಳಗಾಗಿ ಬಿದ್ದ. ಹೆಲ್ಮೆಟ್ ಸೀಳಿತ್ತು. ಮಣ್ಣು ಕೊಡವಿಕೊಂಡು ಎದ್ದವನೇ, "ನಂಗೇನಾಗಿಲ್ಲ ಕಣೋ, ಗಾಡಿ ನೋಡು" ಎಂದು ನಕ್ಕ. ನಾನು ಗಾಡಿಯನ್ನೇ ನೋಡಿದೆ.

ಬಿದ್ದ ಗಾಡಿಗಳಿಗೆಲ್ಲ ಆಗುವುದೇ ಅದಕ್ಕೂ ಆಗಿತ್ತು. ಮುಂದಿನ ಚಕ್ರ ಹಿಡಿದಿರುವ ಫೋರ್ಕು ತಿರುಚಿಕೊಂಡು ಚಕ್ರ ಒಂದು ದಿಕ್ಕಿಗೆ, ಹ್ಯಾಂಡಲ್ ಇನ್ನೊಂದು ದಿಕ್ಕಿಗೆ ನಿಂತಿತ್ತು. ಬೋಲ್ಟ್ ಸಡಿಲಿಸಿ, ಚಕ್ರವನ್ನು ಮೊಣಕಾಲುಗಳ ನಡುವೆ ಅದುಮಿ ಹಿಡಿದು, ಹ್ಯಾಂಡಲನ್ನು ಎಳೆದು ನೇರ ಮಾಡಿದೆ. ಹತ್ತು ನಿಮಿಷದ ಕೆಲಸ.

ಮೂರು ವಾರ ಕಳೆದ ಮೇಲೆ ಅವನು ಮುಖ ಗಂಟಿಕ್ಕಿಕೊಂಡು ಬಂದ. "ಎಡಕ್ಕೆ ಎಳೀತಿದೆ ಕಣೋ. ಎದ್ದು ನಿಂತು ಓಡಿಸಿದ್ರಂತೂ ಹ್ಯಾಂಡಲ್ ತಾನಾಗೇ ಎಡಕ್ಕೆ ಹೋಗುತ್ತೆ."

ದಾರ ಕಟ್ಟಿದೆ, ಸರಿಯಿತ್ತು. ಫೋರ್ಕಿನ ಕೊಳವೆಗಳನ್ನು ಬಿಚ್ಚಿ ಗಾಜಿನ ಮೇಲೆ ಉರುಳಿಸಿದೆ, ಎಲ್ಲೂ ಬಾಗಿರಲಿಲ್ಲ. ಹ್ಯಾಂಡಲಿನ ಬೇರಿಂಗ್ ಬದಲಿಸಿದೆ, ಚಕ್ರದ ಕಡ್ಡಿಗಳನ್ನು ಒಂದೊಂದಾಗಿ ಬಿಗಿದೆ. ಅವನು ಓಡಿಸಿಕೊಂಡು ಹೋಗುತ್ತಿದ್ದ, ತಿರುಗಿ ಬಂದು "ಎಳೀತಿದೆ" ಎನ್ನುತ್ತಿದ್ದ. ಓಡಿಸುವವನು ಇದೆ ಎಂದ ದೋಷವನ್ನು ಇಲ್ಲವೆಂದು ಹೇಳಿ ಯಾವ ಗಾಡಿಯನ್ನೂ ವಾಪಸು ಕಳಿಸಬಾರದು ಎಂದು ನನಗೆ ಕೆಲಸ ಕಲಿಸಿದವರು ತಲೆಗೆ ತುಂಬಿದ್ದರು. ಅಷ್ಟು ವರ್ಷಗಳಲ್ಲಿ ನಾನು ಒಂದನ್ನೂ ಹಾಗೆ ಕಳಿಸಿರಲಿಲ್ಲ. ಆ ಜಂಬ ನನಗೆ ಬೇಕಾದಷ್ಟಿತ್ತು.

ಕೊನೆಗೆ ಒಂದು ಬೆಳಿಗ್ಗೆ ನಾನೇ ಗಾಡಿಯನ್ನು ಬಯಲಿಗೆ ಒಯ್ದೆ. ಎದ್ದು ನಿಂತು ಓಡಿಸಿದೆ, ಕೂತು ಓಡಿಸಿದೆ. ಎರಡೂ ಕೈ ಬಿಟ್ಟರೂ ಅದು ನೆಟ್ಟಗೆ ಹೋಯಿತು. ಇಳಿದು ಅಲ್ಲೇ ಒಂದು ಗೂಡಿನ ನೆರಳಿನಲ್ಲಿ ಬಹಳ ಹೊತ್ತು ಕೂತೆ.

ಅವತ್ತೇ ಮಧ್ಯಾಹ್ನ ಉಮಾಪತಿಯ ಹೆಂಡತಿ ಸರಳಾ ಶೆಡ್ಡಿಗೆ ಬಂದಳು. ಹಾಗೆ ಬರುವವಳಲ್ಲ.

"ಅಣ್ಣಾ, ಎಡಗಾಲಿನ ಚಪ್ಪಲಿ ಕಳಚಿ ಬಿದ್ರೂ ಇವ್ರಿಗೆ ಗೊತ್ತಾಗಲ್ಲ. ನೆನ್ನೆ ಲೋಟ ಕೈಯಿಂದ ಜಾರಿಹೋಯ್ತು. ಒಂದೇ ಸಮ ತಲೆನೋವು. ಆಸ್ಪತ್ರೆಗೆ ಹೋಗೋಣ ಅಂದ್ರೆ ನನ್ನ ಮಾತು ಕೇಳಲ್ಲ. ನಿಮ್ಮ ಮಾತು ಕೇಳ್ತಾರೆ."

ಸಂಜೆ ಶೆಡ್ಡಿಗೆ ಬಂದವನಿಗೆ ಆಸ್ಪತ್ರೆಗೆ ಹೋಗು ಎಂದು ಹೇಳಿದೆ. ಅವನು ಸೀಟಿನ ಮೇಲೆ ಕೈಯಾಡಿಸಿದ. ಆಮೇಲೆ ಅಂದ: "ರೇಸಿಗೆ ಇನ್ನು ಹತ್ತೇ ದಿನ. ನೀನು ನಿಜ ಹೇಳು. ಗಾಡೀಲಿ ಏನೂ ಇಲ್ಲ ಅಂತ ನಿನ್ನ ಬಾಯಲ್ಲಿ ಬಂದ್ರೆ, ನಾಳೆನೇ ಡಾಕ್ಟರ ಹತ್ರ ಹೋಗ್ತೀನಿ. ಆದ್ರೆ ಹೋದ್ರೆ ಅವರು ಇನ್ನು ಗಾಡಿ ಮುಟ್ಟಬೇಡ ಅಂತಾರೆ. ಅದೂ ಗೊತ್ತು ನಂಗೆ."

ಅವನ ಕಣ್ಣಲ್ಲಿ ನೀರಿತ್ತು. ನಾಲ್ಕು ಸಲ ಗೆದ್ದವನು ನನ್ನ ಮುಂದೆ ಅಂಗಲಾಚುತ್ತಿದ್ದ. ನನಗೆ ತಡೆಯಲಾಗಲಿಲ್ಲ. ಅದು ಪ್ರೀತಿಯೆಂದು ಆಗ ಅಂದುಕೊಂಡೆ. ಅದರಲ್ಲಿ ನನ್ನ ಜಂಬವೂ ಇತ್ತೆಂದು ಈಗ ಒಪ್ಪಿಕೊಳ್ಳುತ್ತೇನೆ.

"ಇದೆ ಕಣೋ," ಅಂದೆ. "ಬೆಳಿಗ್ಗೆ ಸಿಕ್ತು. ಒಂದು ಗಂಟೆ ಬಿಟ್ಟು ಬಾ."

ಅವನು ಹೋದ ಮೇಲೆ ಬೋಲ್ಟ್ ಸಡಿಲಿಸಿದೆ. ಚಕ್ರವನ್ನು ಮೊಣಕಾಲುಗಳ ನಡುವೆ ಹಿಡಿದು, ನೇರವಾಗಿದ್ದ ಹ್ಯಾಂಡಲನ್ನು ಬೇಕೆಂದೇ ಎರಡು ಬೆರಳಿನಷ್ಟು ಎಡಕ್ಕೆ ತಿರುಗಿಸಿ ಬಿಗಿದೆ. ಈಗ ಅವನ ಕೈ ಎಡಕ್ಕೆ ಹೋದರೂ ಚಕ್ರ ನೇರ ಹೋಗುತ್ತಿತ್ತು. ಸೊಟ್ಟಗಾದುದನ್ನು ನೇರ ಮಾಡುವುದೇ ನನ್ನ ಕಸುಬು. ಆ ಒಂದು ಸಲ ಮಾತ್ರ ದಾರ ಕಟ್ಟಿ ನೋಡುವ ಧೈರ್ಯ ನನಗಾಗಲಿಲ್ಲ.

ಉಮಾಪತಿ ಒಂದು ಸುತ್ತು ಹೊಡೆದು ಬಂದು, ಗಾಡಿ ಇಳಿಯುವ ಮೊದಲೇ ಕೂಗಿದ: "ನೇರ ಹೋಗ್ತಿದೆ! ನಾನು ಅವತ್ತಿಂದ ಬಡ್ಕೋತಾ ಇರಲಿಲ್ವೇನೋ!"

ರೇಸಿನ ಹಿಂದಿನ ದಿನ ಬೆಳಿಗ್ಗೆ ತಿಂಡಿಗೆ ಕೂತವನು ವಾಂತಿ ಮಾಡಿಕೊಂಡು ತಟ್ಟೆಯ ಮೇಲೆ ಕುಸಿದ. ಬಿದ್ದ ದಿನದಿಂದಲೂ ತಲೆಯೊಳಗೆ ರಕ್ತ ಸ್ವಲ್ಪಸ್ವಲ್ಪವಾಗಿ ಒಸರಿ ಮಿದುಳನ್ನು ಒತ್ತುತ್ತಿತ್ತಂತೆ. ಆಪರೇಷನ್ ಮಾಡಿದ ಡಾಕ್ಟರು ಹೊರಗೆ ಬಂದು, "ಜೀವ ಉಳಿದಿದೆ. ಒಂದು ವಾರ ಮುಂಚೆ ಬಂದಿದ್ರೆ ಎಡಗಡೆ ಕೈಕಾಲೂ ಉಳೀತಿತ್ತು" ಎಂದರು. ಬೈದಿದ್ದರೆ ವಾಸಿಯಿತ್ತು, ಅವರು ಮೆತ್ತಗೆ ಹೇಳಿದರು.

ಆಸ್ಪತ್ರೆಯ ಬೆಂಚಿನ ಮೇಲೆ ಸರಳಾ ನನ್ನ ಕಡೆ ತಿರುಗಿದಳು. "ಅಣ್ಣಾ, ಗಾಡೀಲಿ ನಿಜವಾಗ್ಲೂ ದೋಷ ಇತ್ತಾ?"

"ಇತ್ತಮ್ಮಾ," ಅಂದೆ.

"ಹಾಗಾದ್ರೆ ನಮ್ಮ ಹಣೆಬರಹ, ಬಿಡಿ," ಎಂದು ಸೆರಗಿನಿಂದ ಮುಖ ಒರೆಸಿಕೊಂಡಳು.

ಅದಾಗಿ ಎಷ್ಟೋ ವರ್ಷಗಳಾದವು. ನಿಜ ಹೇಳಲು ಎಷ್ಟೋ ಸಲ ಹೊರಟು ಅವನ ಬಾಗಿಲವರೆಗೂ ಹೋಗಿದ್ದೇನೆ. ಒಳಗೆ ಯಾರಾದರೂ ನೆಂಟರು ಕೂತಿದ್ದರೆ ಉಮಾಪತಿ ಕುರ್ಚಿಯಿಂದಲೇ ನನ್ನನ್ನು ತೋರಿಸುತ್ತಾನೆ: "ಯಾರಿಗೂ ಸಿಗದ ದೋಷ ಇವನಿಗೆ ಸಿಕ್ತು ನೋಡಿ. ನನ್ನ ಮಾತು ನಂಬಿದವನು ಇವನೊಬ್ಬನೇ." ಅಷ್ಟು ಕೇಳಿದ ಮೇಲೆ ಬೇರೇನೋ ಮಾತಾಡಿ ಎದ್ದು ಬರುತ್ತೇನೆ. ಅವನಿಗೆ ಉಳಿದಿರುವ ಸಂತೋಷ ಅದೊಂದೇ, ಅದೂ ಸುಳ್ಳು.

ಪ್ರತಿ ಭಾನುವಾರ ನಾನು ಅವನ ಉಗುರು ಕತ್ತರಿಸಲು ಹೋಗುತ್ತೇನೆ. ಎಡಗೈಯನ್ನು ನಾನೇ ಎತ್ತಿ ನನ್ನ ಮಡಿಲಲ್ಲಿ ಇಟ್ಟುಕೊಳ್ಳುತ್ತೇನೆ. ಬೆಚ್ಚಗಿರುತ್ತದೆ. ಅವನು ಬೀದಿ ನೋಡುತ್ತಾ ಏನೇನೋ ಮಾತಾಡುತ್ತಿರುತ್ತಾನೆ. ಐದು ಬೆರಳೂ ಮುಗಿದ ಮೇಲೂ ನಾನು ಆ ಕೈಯನ್ನು ಹಾಗೇ ಹಿಡಿದು ಕೂತಿರುತ್ತೇನೆ. ಅವನಿಗೆ ಗೊತ್ತಾಗುವುದಿಲ್ಲ.

"ಶುರು ಮಾಡಿದ್ಯೇನೋ?" ಎಂದು ಕೇಳುತ್ತಾನೆ.