ಮೇಸ್ತ್ರಿಯ ಬೀರು, ಹಾಲಿನ ಕ್ರೇಟು

ನಮ್ಮ ಬೀದಿ ದೊಡ್ಡ ರಸ್ತೆಗಿಂತ ತಗ್ಗಿನಲ್ಲಿದೆ. ಜೋರಾಗಿ ಒಂದು ಮಳೆ ಬಂದರೆ ಸಾಕು, ಮೇಲಿನ ನೀರೆಲ್ಲ ಕರೆಯದ ನೆಂಟರ ಹಾಗೆ ಹೊಸಿಲು ದಾಟಿ ಒಳಗೆ ಬರುತ್ತದೆ. ಚಪ್ಪಲಿ ತೇಲುತ್ತದೆ, ಈರುಳ್ಳಿ ಕೊಳೆಯುತ್ತದೆ, ಮಕ್ಕಳ ಪುಸ್ತಕ ಉಬ್ಬಿಕೊಳ್ಳುತ್ತದೆ. ಎಲ್ಲವನ್ನೂ ಮಂಚದ ಮೇಲೆ ಪೇರಿಸಿ, ಉಳಿದ ಮೂಲೆಯಲ್ಲಿ ನಾವು ಮುದುಡಿ ಕೂರುತ್ತಿದ್ದೆವು. ಮೋರಿ ಸರಿಮಾಡಿಕೊಡಿ ಎಂದು ನಗರಸಭೆಯವರನ್ನು ಕೇಳಿ ಕೇಳಿ ಬಾಯಿ ನೋವು ಬಂದಿದೆ. ಕೇಳುವುದನ್ನು ಬಿಟ್ಟಿಲ್ಲ, ಅದು ಬೇರೆ ಮಾತು.

ಎದುರು ಮನೆಯಲ್ಲಿ ಬಡಗಿ ಮೇಸ್ತ್ರಿ ಇದ್ದಾರೆ. ಮದುವೆಯಾದ ಹೊಸದರಲ್ಲಿ ಹೆಂಡತಿಗೆಂದು ತಮ್ಮ ಕೈಯಾರೆ ಮಾಡಿದ ಮರದ ಬೀರು ಅವರ ಮನೆಯಲ್ಲಿದೆ. ಆಕೆ ಈಗಿಲ್ಲ, ಬೀರು ಇದೆ. ಅದರ ಬಾಗಿಲು ಇವತ್ತಿಗೂ ಸದ್ದಿಲ್ಲದೆ ಮುಚ್ಚಿಕೊಳ್ಳುತ್ತದೆ. ಆದರೆ ಪ್ರತಿ ಮಳೆಗಾಲವೂ ನೀರಲ್ಲಿ ನಿಂತು ಅದರ ಕಾಲುಗಳು ಮೆತ್ತಗಾಗಿದ್ದವು.

ಅವರ ಸೊಸೆ ಟೈಲರ್. ಈ ವರ್ಷ ಬೀದಿಯ ಮಕ್ಕಳ ಶಾಲೆ ಸಮವಸ್ತ್ರವನ್ನೆಲ್ಲ ಅವಳೇ ಹೊಲಿದಳು. ಹೊಲಿದದ್ದನ್ನು ಇಡಲು ಇದ್ದದ್ದು ಅದೇ ಬೀರು. ಶಾಲೆ ತೆರೆಯುವ ಹೊತ್ತಿಗೆ ಮಳೆಯೂ ಶುರುವಾಗುತ್ತದೆ. ಅವಳಿಗೆ ನಿದ್ದೆ ಹತ್ತಲಿಲ್ಲ. ಹಾಲಿನ ಬೂತಿನ ಅಕ್ಕನ ಹತ್ತಿರ ಹೋಗಿ ಹಾಲಿನ ಹಳೆಯ ಪ್ಲಾಸ್ಟಿಕ್ ಕ್ರೇಟುಗಳನ್ನು ಕೇಳಿ ತಂದು, ಬೀರುವಿನ ಒಂದೊಂದು ಕಾಲಿನ ಪಕ್ಕ ಒಂದೊಂದನ್ನು ಬೋರಲು ಹಾಕಿದಳು.

ಮೇಸ್ತ್ರಿ ಅವನ್ನು ಎತ್ತಿ ಅಂಗಳಕ್ಕೆ ಹಾಕಿದರು.

"ಮಾವ, ಬೀರು ಎತ್ತರಿಸೋಕೆ ತಂದಿದ್ದೆ," ಅಂದಳು ಸೊಸೆ.

"ನನ್ನ ಬೀರು ಪ್ಲಾಸ್ಟಿಕ್ ಡಬ್ಬದ ಮೇಲೆ ನಿಲ್ಲಬೇಕಾ? ಜೀವನವೆಲ್ಲ ಮರ ಕೊರೆದವನು ನಾನು. ನೋಡಿದವರು ಏನಂದಾರು?"

ಸಂಜೆ ಬೂತಿನ ಅಕ್ಕನೇ ಬಂದಳು. ನಾನೂ ಸೆರಗಿಗೆ ಕೈ ಒರೆಸಿಕೊಂಡು ಹೋದೆ. ಇಂಥ ಪಂಚಾಯಿತಿ ತಪ್ಪಿಸಿಕೊಳ್ಳುವವಳಲ್ಲ ನಾನು.

"ಬಾರಮ್ಮ," ಅಂದರು ಮೇಸ್ತ್ರಿ. "ನನ್ನ ಬೀರುಗೆ ಹಾಲು ಕುಡಿಸೋಕೆ ಬಂದೆಯಾ?"

"ನೀರು ಕುಡಿಯೋದನ್ನ ಬಿಡಿಸೋಕೆ ಬಂದೆ, ಮೇಸ್ತ್ರಿ," ಅಂದಳು ಅಕ್ಕ. "ನಮ್ಮ ಮನೇಲಿ ಈರುಳ್ಳಿ ಇದರಲ್ಲೇ ಇರೋದು. ಸುತ್ತ ಗಾಳಿ ಆಡುತ್ತೆ, ಕೊಳೆಯಲ್ಲ. ತೊಳೆದ ಪಾತ್ರೆ ಬೋರಲು ಹಾಕಿದ್ರೆ ನೀರು ತಾನೇ ಸೋರುತ್ತೆ. ಗೋಡೆಗೆ ಬಿಗಿದ್ರೆ ಪುಸ್ತಕದ ಗೂಡು. ಸೈಕಲ್ ಹಿಂದೆ ಕಟ್ಟಿದ್ರೆ ಸಾಮಾನಿನ ಬುಟ್ಟಿ."

"ಕದ್ದ ಮಾಲಲ್ಲ ತಾನೇ?"

"ಹಾಲು ಬರೋ ಕ್ರೇಟನ್ನ ಮುಟ್ಟಿದ್ರೆ ನಾನೇ ಬಿಡಲ್ಲ. ಅದು ಡೇರಿಗೆ ವಾಪಸ್ ಹೋಗಬೇಕು. ಇವು ಡೇರಿಯವರೇ ಬೇಡ ಅಂತ ಕೊಟ್ಟಿದ್ದು. ನನ್ನ ಮಾತು ಬಿಡಿ, ನಿಮ್ಮ ಕೈಯಲ್ಲಿ ಹಿಡಿದು ನೋಡಿ."

ಮೇಸ್ತ್ರಿ ಒಲ್ಲದ ಮನಸ್ಸಿನಿಂದ ಒಂದನ್ನು ಎತ್ತಿಕೊಂಡರು. ಮರದ ಹಲಗೆಗೆ ಬಡಿದು ನೋಡುವ ಹಾಗೆ ಗೆಣ್ಣಿನಿಂದ ಬಡಿದರು. ಮೂಲೆಯ ದಪ್ಪ ಪಟ್ಟಿಗಳ ಮೇಲೆ ಬೆರಳಾಡಿಸಿದರು. ಒಂದರ ಮೇಲೊಂದು ಇಟ್ಟರು. ಮೇಲಿನದರ ತಳ ಕೆಳಗಿನದರ ಬಾಯೊಳಗೆ ಹೋಗಿ ಕಚ್ಚಿಕೊಂಡಿತು. ತಳ್ಳಿದರು, ಜಾರಲಿಲ್ಲ.

"ಇದನ್ನ ಮಾಡಿದವನಿಗೆ ಕೆಲಸ ಗೊತ್ತು," ಅಂದರು ಕೊನೆಗೆ. ಕೂಡಲೇ ಸೊಸೆಯ ಕಡೆ ತಿರುಗಿ, "ಆದ್ರೆ ನೀನು ಇಡೋಕೆ ಹೊರಟ ಹಾಗೆ ಇಟ್ಟಿದ್ರೆ ಬೀರು ಬೀಳ್ತಿತ್ತು ಮಗಾ. ಬೀರು ಕಾಲು ತಳದ ಜಾಲರಿ ಮೇಲೆ ಕೂರಬಾರದು. ಭಾರ ಎಲ್ಲ ಅಂಚು, ಮೂಲೆಗಳ ಮೇಲೆ ಬೀಳಬೇಕು."

ಅಲ್ಲಿಂದ ಅವರನ್ನು ಹಿಡಿಯುವವರೇ ಇರಲಿಲ್ಲ. ಮೂಲೆ ಬಿರುಕು ಬಿಟ್ಟಿದ್ದ ಕ್ರೇಟನ್ನು ಚಪ್ಪಲಿಗೆಂದು ಬದಿಗಿಟ್ಟರು. ಗಟ್ಟಿಯಾದವನ್ನು ನೆಲದ ಮೇಲೆ ಒಂದೇ ಸಾಲಾಗಿ ಇಟ್ಟು, ನೀರಿಗೆ ಅಲುಗಾಡದಂತೆ ಒಳಗೆ ಇಟ್ಟಿಗೆ ತುಂಬಿದರು. ಮೇಲೆ ದಪ್ಪ ಹಲಗೆ ಅಡ್ಡ ಹಾಕಿದರು. ನಾವೆಲ್ಲ ಕೈ ಕೊಟ್ಟು ಬೀರು ಎತ್ತಿಟ್ಟೆವು. ವಾಲದಂತೆ ಅದನ್ನು ಗೋಡೆಗೆ ಕೊಂಡಿ ಹಾಕಿ ಬಿಗಿದರು.

ಶಾಲೆ ತೆರೆಯುವ ಹಿಂದಿನ ದಿನ ಮಧ್ಯಾಹ್ನವೇ ಮಳೆ ಹುಯ್ಯಿತು. ನೀರು ಯಾವತ್ತಿನಂತೆ ಹೊಸಿಲು ದಾಟಿತು. ಸೊಸೆ ಬೀರುವಿನ ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದಳು, ಅವಳು ನಿಂತರೆ ನೀರು ನಿಲ್ಲುತ್ತದೇನೋ ಎಂಬಂತೆ. ಮೇಸ್ತ್ರಿ ಮಂಚದ ಮೇಲೆ ಕೂತು ಕಣ್ಣು ಮಿಟುಕಿಸದೆ ನೆಲವನ್ನೇ ನೋಡುತ್ತಿದ್ದರು. ನೀರು ಕ್ರೇಟಿನ ಒಂದು ಬದಿಯ ಕಿಂಡಿಯಿಂದ ಒಳಹೊಕ್ಕು ಇನ್ನೊಂದು ಬದಿಯಿಂದ ಹೊರಬಂತು. ಹಲಗೆಯನ್ನು ಮುಟ್ಟಲಿಲ್ಲ. ಮಳೆ ನಿಂತ ಮೇಲೆ ಅವಳು ಬೀರು ತೆಗೆದು, ತೀರಾ ಕೆಳಗಿದ್ದ ಅಂಗಿಯನ್ನು ಕೆನ್ನೆಗೆ ಒತ್ತಿಕೊಂಡಳು.

"ನೆನೆದಿಲ್ಲ ಮಾವ," ಅಂದಳು. ಅಂಗಿಯನ್ನು ಅವರ ಕೈಗೂ ಕೊಟ್ಟಳು.

ಮಾರನೆಯ ಬೆಳಿಗ್ಗೆ ನಮ್ಮ ಬೀದಿಯ ಮಕ್ಕಳೆಲ್ಲ ಗರಿಗರಿ ಸಮವಸ್ತ್ರ ತೊಟ್ಟು, ಕೆಸರು ತಪ್ಪಿಸಿಕೊಂಡು ಸಾಲಾಗಿ ಶಾಲೆಗೆ ಹೊರಟರು. ನಮ್ಮ ಬೀದಿಯ ಬಗ್ಗೆ ನನಗೆ ಅಷ್ಟು ಹೆಮ್ಮೆ ಯಾವತ್ತೂ ಆಗಿರಲಿಲ್ಲ. ಮೇಸ್ತ್ರಿ ಬಾಗಿಲಲ್ಲಿ ಹಾಲಿನ ಕ್ರೇಟು ಬೋರಲು ಹಾಕಿಕೊಂಡು ರಾಜನ ಹಾಗೆ ಕೂತಿದ್ದರು.

"ನೋಡಿದವರು ಏನಂದಾರು, ಮೇಸ್ತ್ರಿ?" ಅಂತ ಕೆಣಕಿದೆ.

"ಒಳಗೆ ಬಂದು ನೋಡಮ್ಮ," ಅಂದರು. "ನನ್ನ ಹೆಂಡತಿ ಬೀರು ಹೇಗೆ ನಿಂತಿದೆ ನೋಡು."

ಈಗ ಬೀದಿಯಲ್ಲಿ ಯಾರು ಕ್ರೇಟು ತಂದರೂ ಮೊದಲು ಮೇಸ್ತ್ರಿ ಬಡಿದು ನೋಡಬೇಕು. ಅವರು ಹೂಂ ಅಂದ ಮೇಲೆಯೇ ಅದು ಮನೆಯೊಳಗೆ ಹೋಗುವುದು.

ನಿಮ್ಮ ಮನೆಯೂ ತಗ್ಗಿನಲ್ಲಿದೆಯೇ? ಹಾಗಾದರೆ ಈ ಮಾತು ನಿಮಗೇ. ಬೂತಿನವರನ್ನು ಕೇಳಿ, ಅವರು ಬೇಡವೆಂದ ಹಳೆಯ ಕ್ರೇಟುಗಳನ್ನೇ ತನ್ನಿ. ಹಾಲು ತುಂಬುವ ಕ್ರೇಟನ್ನು ಅದರ ಕೆಲಸಕ್ಕೆ ಬಿಟ್ಟುಬಿಡಿ. ಚೆನ್ನಾಗಿ ತೊಳೆದು ಬಿಸಿಲಿಗಿಡಿ. ಭಾರ ಹೊರಬೇಕಾದರೆ ಬಿರುಕಿಲ್ಲದ್ದನ್ನೇ ಆರಿಸಿ. ಪೇರಿಸಿದ ಕ್ರೇಟಿನ ಮೇಲೆ ಹತ್ತಿ ಅಟ್ಟಕ್ಕೆ ಕೈ ಹಾಕಬೇಡಿ, ಅದು ಏಣಿಯಲ್ಲ. ಮೋರಿಗಾಗಿ ಕೇಳುವುದನ್ನೂ ನಿಲ್ಲಿಸಬೇಡಿ. ಇವತ್ತು ನೆಲ ಒಣಗಿರುವಾಗಲೇ ಒಮ್ಮೆ ಮನೆಯೊಳಗೆ ಸುತ್ತಿ ಬನ್ನಿ. ನೆನೆಯಬಾರದ ವಸ್ತು ನೆಲದ ಮೇಲೆ ಏನಿದೆ ನೋಡಿ, ಅದನ್ನು ಈಗಲೇ ಎತ್ತಿಡಿ.